ವಾದಿ ಕಬೀರಿನ ಕೋಳಿ ಅಂಕ

ಮಸ್ಕತ್ತಿನ ವಾದಿ ಕಬೀರಿನಲ್ಲಿ ಇದ್ದು ಬಂದವರೆಲ್ಲ ಈಗ ಒಂದೇ ರಾಗ ಹಾಡುತ್ತಾರೆ. ಎಷ್ಟು ಜಾತಿ, ಎಷ್ಟು ಭಾಷೆ, ಆದರೂ ಅಣ್ಣತಮ್ಮಂದಿರ ಹಾಗೆ ಇದ್ದೆವು ಅಂತ. ಅಣ್ಣತಮ್ಮಂದಿರ ಹಾಗೆ ಇದ್ದದ್ದು ನಿಜ. ಅಣ್ಣತಮ್ಮಂದಿರು ಹೊಡೆದಾಡುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು? ನಾನು ಅಲ್ಲಿ ಹತ್ತು ಹನ್ನೆರಡು ವರ್ಷ ಸಂಸಾರ ಮಾಡಿದವಳು. ಹೊಡೆತದ ಸದ್ದಿಲ್ಲದ ಹಗಲನ್ನು ಅಲ್ಲಿ ಕಂಡವಳಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಮಸ್ಕತ್ತಿಗೆ ಹೋದೆ. ಗಂಡನಿಗೆ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಪೇಟೆಯವರಿಗೆ ಬೇಡವಾದ ಸದ್ದು, ಹೊಗೆ, ಕರಿ ಆಯಿಲ್ ಎಲ್ಲವನ್ನೂ ತಂದು ಸುರಿಯಲು ಒಂದು ಜಾಗ ಬೇಕಿತ್ತಲ್ಲ, ಅದಕ್ಕೆ ಸಿಕ್ಕಿದ್ದು ಬೋಳು ಗುಡ್ಡಗಳ ನಡುವಿನ ಈ ಒಣ ಹೊಳೆ. ವಾದಿ ಎಂದರೆ ಅದೇ, ಮಳೆ ಬಿದ್ದರೆ ಮಾತ್ರ ಹರಿಯುವ ಹೊಳೆ. ಮೊದಲು ಗ್ಯಾರೇಜುಗಳು ಬಂದವು. ಅವುಗಳ ಬೆನ್ನಿಗೆ ವೆಲ್ಡಿಂಗ್ ಶಾಪುಗಳು, ಅವುಗಳ ಬೆನ್ನಿಗೆ ಅಗ್ಗದ ಬಾಡಿಗೆಯ ಕಟ್ಟಡಗಳು, ಕಟ್ಟಡಗಳ ಒಳಗೆ ನಾವು. ಆಮೇಲೆ ಇಂಡಿಯನ್ ಸ್ಕೂಲೂ ಬಂತು. ಮಕ್ಕಳು ಬೆಳಿಗ್ಗೆ ಸುತ್ತಿಗೆಗಳ ನಡುವೆಯೇ ಶಾಲೆಗೆ ನಡೆದು ಹೋಗುತ್ತಿದ್ದವು.

ನಮ್ಮ ಕಟ್ಟಡ ಒಂದೇ ಸಾಕು, ಇಡೀ ವಾದಿ ಕಬೀರಿನ ಗುಣ ಹೇಳಲಿಕ್ಕೆ. ಕೆಳಗಿನ ದೊಡ್ಡ ಕೋಣೆಯಲ್ಲಿ ನಮ್ಮ ಊರ ಕಡೆಯ ತುಳು ಹುಡುಗರು, ಅವರ ಪಕ್ಕ ಬಲೂಚಿ ಡ್ರೈವರುಗಳು, ಮೇಲೆ ಮಲಯಾಳಿಗಳು, ಗೋವಾದವರು, ಅದರ ಮೇಲೆ ಜಂಜಿಬಾರಿನಿಂದ ವಾಪಸು ಬಂದ ಒಂದು ಒಮಾನಿ ಕುಟುಂಬ. ಬೆಂಗಳೂರಿನ ಇಂಜಿನಿಯರೊಬ್ಬರ ಹೆಂಡತಿ ನನ್ನ ಎದುರು ಮನೆಯವರು. ಬಂದ ಮೊದಲ ವಾರವೇ "ಏನ್ರೀ ಇದು, ಮನುಷ್ಯರು ಇರೋ ಜಾಗಾನೇನ್ರೀ?" ಎಂದು ಮೂಗು ಮುರಿದರು. ನೀರಿನ ಟ್ಯಾಂಕರ್ ತಡವಾದ ಒಂದು ದಿನ ಅದೇ ಹೆಂಗಸು ಮಲಯಾಳಿ ನರ್ಸಮ್ಮನ ಜಡೆ ಹಿಡಿದು ಎಳೆದದ್ದನ್ನು ನಾನೇ ಬಿಡಿಸಿದೆ. ಬಿಡಿಸುವಾಗ ನನ್ನ ಮುಖಕ್ಕೂ ಒಂದು ಬಿತ್ತು. ಸಂಜೆಗೆ ಮೂವರೂ ಒಂದೇ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು.

ಕ್ರಿಕೆಟ್ ಇದ್ದ ದಿನ ಬಾಟಲಿ ಒಡೆಯುತ್ತಿತ್ತು. ಬಕ್ರೀದಿನ ದಿನ ರಸ್ತೆಯ ಬದಿಯಲ್ಲೇ ಆಡು ಕೊಯ್ದು ನೆತ್ತರು ಹರಿದು ಗ್ಯಾರೇಜಿನ ಆಯಿಲಿಗೆ ಸೇರುತ್ತಿತ್ತು. ನಮ್ಮ ಮೇಲಿನ ಮಾಳಿಗೆಯಲ್ಲೊಬ್ಬ ಹೆಂಡತಿಗೆ ಹೊಡೆಯುವಾಗ ಉಳಿದವರೆಲ್ಲ ಟೀವಿಯ ಸದ್ದು ಜೋರು ಮಾಡುತ್ತಿದ್ದರು. ನಾನು ಮಾತ್ರ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಛಾವಣಿಗೆ ಕುಟ್ಟುತ್ತಿದ್ದೆ. ಹೊಳೆಯಾದರೂ ಸುಮ್ಮನಿತ್ತೇ? ಒಂದು ಸಲ ಗುಡ್ಡದ ಮೇಲೆಲ್ಲೋ ಮಳೆ ಬಿದ್ದು, ನಮ್ಮಲ್ಲಿ ಬಿಸಿಲಿರುವಾಗಲೇ ವಾದಿ ಬಂತು. ಕೆಂಪು ನೀರು ಗುಡುಗಿಕೊಂಡು ಬಂದು ನಿಲ್ಲಿಸಿದ್ದ ಪಿಕಪ್ ಒಂದನ್ನು ಎತ್ತಿ ಗೋಡೆಗೆ ಅಪ್ಪಳಿಸಿತು. ಒಳಗೆ ಮಲಗಿದ್ದ ಡ್ರೈವರನ್ನು ಬಾಗಿಲು ಕತ್ತರಿಸಿ ತೆಗೆಯಬೇಕಾಯಿತು. ಕತ್ತರಿಸಿದವರು ಇಬ್ಬರು, ನನ್ನ ತಮ್ಮ ಮತ್ತು ಪಠಾಣ. ನಾನು ಹೇಳಬೇಕಾದದ್ದು ಇವರಿಬ್ಬರ ಕಥೆ.

ತಮ್ಮನನ್ನು ಕರೆಸಿಕೊಂಡವರು ನಾವೇ. ಊರಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಇಲ್ಲಿ ಗ್ಯಾರೇಜಿನಲ್ಲಿ ಸ್ಪ್ರೇ ಪೇಂಟರ್ ಆದ. ಕೆಳಗಿನ ಹುಡುಗರ ಕೋಣೆಯಲ್ಲಿ ವಾಸ, ನಮ್ಮಲ್ಲಿ ಊಟ. ರಸ್ತೆಯ ಆಚೆಗಿನ ಅದೇ ಗ್ಯಾರೇಜಿನಲ್ಲಿ ಪಠಾಣ ಟಿಂಕರಿಂಗ್ ಮಾಡುತ್ತಿದ್ದ. ಜಜ್ಜಿದ ಬಾಗಿಲನ್ನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಬಡಿದು ಅವನು ಸರಿ ಮಾಡಿದ ಮೇಲೆ ತಮ್ಮ ಬಣ್ಣ ಹೊಡೆಯಬೇಕು. ತಮ್ಮ ಅವನನ್ನು ಕರೆಯುತ್ತಿದ್ದದ್ದು ಲಾಲಾ ಎಂದು. ಅವರ ಭಾಷೆಯಲ್ಲಿ ಅದು ಅಣ್ಣ ಎಂದ ಹಾಗೆ. ಬಡಿದಾಟದಲ್ಲೇ ಅವರ ಸ್ನೇಹ ಸುರುವಾದದ್ದು. ಬಂದ ಹೊಸದರಲ್ಲಿ "ಈ ಬಾಗಿಲು ಇನ್ನೂ ಡೊಂಕುಂಟು" ಎಂದು ತಮ್ಮ ಹೇಳಿದ್ದಕ್ಕೆ ಪಠಾಣ ಅವನನ್ನು ಎತ್ತಿ ಥಿನ್ನರ್ ಡಬ್ಬಿಗಳ ಮೇಲೆ ಬಿಸಾಡಿದ್ದ. ಆಮೇಲೆ ಬಾಗಿಲನ್ನು ಕೈಯಲ್ಲಿ ಸವರಿ ನೋಡಿ, ಹೌದು ಡೊಂಕುಂಟು ಎಂದು ಇನ್ನೊಮ್ಮೆ ಬಡಿದನಂತೆ. ಅಲ್ಲಿಂದ ಇಬ್ಬರೂ ಒಂದೇ ಜೀವ. ತೊಂಬತ್ತು ಕಳೆದ ಆ ವರ್ಷ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಒಮಾನಿ ಯಜಮಾನ, ನೀವಿಬ್ಬರೂ ಸೇರಿ ಬೇರೆಯೇ ಒಂದು ಶಾಪ್ ನಡೆಸಿ ಎಂದು ಒಪ್ಪಿದ್ದ. ರೋಲಿಂಗ್ ಶಟರಿಗೆ ಯಾವ ಬಣ್ಣ ಎಂಬುದಕ್ಕೂ ಜಗಳ ಮುಗಿದಿತ್ತು. ನನ್ನ ತಮ್ಮ ತನ್ನ ಕಾಲ ಮೇಲೆ ತಾನು ನಿಲ್ಲುವ ದಿನ ಬಂತು ಎಂದು ನಾನು ಊರಿನ ದೈವಕ್ಕೆ ಹರಕೆ ಹೇಳಿಕೊಂಡಿದ್ದೆ.

ಕೋಳಿಯ ಹುಚ್ಚು ಹತ್ತಿದ್ದು ಸಮುದ್ರ ಬದಿಯ ಊರು ಸಹಮ್‌ನಲ್ಲಿ. ಒಂದು ಶುಕ್ರವಾರ ನನ್ನ ಗಂಡನ ಅಂಗಡಿಯ ವ್ಯಾನಿನಲ್ಲಿ ಎಲ್ಲರೂ ಅಲ್ಲಿಗೆ ಹೋಗಿದ್ದೆವು, ಹೋರಿ ಕಾಳಗ ನೋಡಲು. ಎರಡು ಹೋರಿಗಳು ಮಂಡೆಗೆ ಮಂಡೆ ಕೊಟ್ಟು ನೂಕುತ್ತವೆ, ಒಂದು ಹಿಮ್ಮೆಟ್ಟಿದ ಕೂಡಲೇ ಗಂಡಸರು ಹಗ್ಗ ಎಳೆದು ಬಿಡಿಸುತ್ತಾರೆ, ಎರಡೂ ಮನೆಗೆ ಹೋಗಿ ಹುಲ್ಲು ತಿನ್ನುತ್ತವೆ. ವಾಪಸು ಬರುವಾಗ ದಾರಿಯುದ್ದಕ್ಕೂ ತಮ್ಮನದು ಅದೇ ಮಾತು.

"ನೆತ್ತರಿಲ್ಲದ್ದು ಎಂತ ಅಂಕ ಬಾವಾ? ನಮ್ಮ ಕೋಳಿ ಅಂಕ ಒಂದು ತೋರಿಸಿದ್ರೆ ಇವರು ಎದ್ದು ಓಡ್ತಾರೆ."

"ಪೊಲೀಸರು ತೋರಿಸ್ತಾರೆ ನಿಂಗೆ," ಎಂದರು ನನ್ನ ಗಂಡ. "ಮರುದಿನ ಊರಿನ ವಿಮಾನ, ಖಲಾಸ್."

ಹೇಳಿದ್ದನ್ನು ಕೇಳುವ ಜಾತಿಯೇ ನಮ್ಮದು? ತಿಂಗಳು ಕಳೆಯುವುದರೊಳಗೆ ಗುಡ್ಡದ ಹಿಂದೆ, ವಾದಿ ತಿರುಗುವಲ್ಲಿ, ಶುಕ್ರವಾರ ಬೆಳಿಗ್ಗೆ ಕೋಳಿಗಳ ಕಾಳಗ, ನಮ್ಮ ಅಂಕ, ಸುರುವಾಯಿತು. ಸಹಮ್‌ನ ತೋಟಗಳಿಂದ ಹುಂಜ ತಂದರು. ಕೋಳಿಯ ಕಾಲಿಗೆ ಕಟ್ಟುವ ಬಾಳು, ಆ ಪುಟ್ಟ ಕತ್ತಿ, ಇಲ್ಲಿ ಎಲ್ಲಿ ಸಿಗಬೇಕು? ತಮ್ಮ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ತಾನೇ ಅರೆದ. ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂಬ ಪಂಚಾಂಗ ಬಾಯಿಪಾಠ ಇದ್ದವರೂ ಕೆಳಗಿನ ಕೋಣೆಯಲ್ಲಿ ಹುಟ್ಟಿಕೊಂಡರು.

ಪಠಾಣನಿಗೂ ಒಂದು ಹುಂಜ ಇತ್ತು. ಮರಿಯಾಗಿದ್ದಾಗ ಬಲೂಚಿಯೊಬ್ಬನಿಂದ ತಂದದ್ದು. ಉದ್ದ ಕೊರಳು, ಬರೀ ಎಲುಬು ಮತ್ತು ಸಿಟ್ಟು. ಗ್ಯಾರೇಜಿನ ಹಿಂದೆ ಗುಜರಿ ಬಿದ್ದ ಒಂದು ಪಿಕಪ್ಪಿನಲ್ಲಿ ಅದರ ವಾಸ. ನೆನೆಸಿದ ಗೋಧಿ, ಬಾದಾಮಿ ತಿನ್ನಿಸುತ್ತಿದ್ದ. ಸಂಜೆ ಒದ್ದೆ ಬಟ್ಟೆಯಲ್ಲಿ ಅದರ ತೊಡೆ ಒರೆಸಿ ತಿಕ್ಕುತ್ತಿದ್ದ. ಬಚ್ಚಾ, ಅಂದರೆ ಮಗು, ಎಂದೇ ಕರೆಯುತ್ತಿದ್ದ. ಊರಿನಲ್ಲಿ ಅವನ ಮಕ್ಕಳನ್ನು ಬಿಟ್ಟು ಬಂದು ಆರೇಳು ವರ್ಷ ಆಗಿತ್ತು. ಅವನ ಕಡೆಯಲ್ಲೂ ಹುಂಜದ ಕಾಳಗ ಉಂಟು, ಆದರೆ ಅದಕ್ಕೆ ಬಾಳು ಇಲ್ಲ. ಬರಿಗಾಲಿನಲ್ಲಿ ಒದೆದಾಡಬೇಕು, ಸುಸ್ತಾದರೆ ಯಜಮಾನ ನೀರು ಚಿಮುಕಿಸಿ ಮತ್ತೆ ಬಿಡಬೇಕು, ಅರ್ಧ ದಿನ ಬೇಕಾದರೂ ಆಗುತ್ತದೆ. ಸೋತ ಹುಂಜ ಯಜಮಾನನ ಕಂಕುಳಲ್ಲಿ ಮನೆಗೆ ಬರುತ್ತದೆ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ನಮ್ಮವರಿಗೆ ಗೊತ್ತಿದ್ದದ್ದು ನಮ್ಮದು ಮಾತ್ರ: ಕಣ್ಣು ಮಿಟುಕಿಸುವುದರೊಳಗೆ ಒಂದು ಸಾಯುತ್ತದೆ, ಸತ್ತದ್ದು ಗೆದ್ದವನ ಪಾಲು, ಮಧ್ಯಾಹ್ನಕ್ಕೆ ಸಾರು. ಅಂಕಕ್ಕೆ ಹೋದ ಕೋಳಿ ಸಾರಿಗೆ ಹೋದ ಹಾಗೆಯೇ. ಅದನ್ನೂ ಬಾಯಿಬಿಟ್ಟು ಹೇಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ?

ನಮ್ಮ ಅಂಕವನ್ನು ಅದುವರೆಗೆ ಒಮ್ಮೆಯೂ ನೋಡಿರದ ಪಠಾಣ ಆ ಶುಕ್ರವಾರ ತಾನೇ ಹುಂಜವನ್ನು ತರುವವನಿದ್ದ. ಬೆಳಿಗ್ಗೆ ಕಫೀಲ್ ಬಂದು, ಇಬ್ರಿ ರಸ್ತೆಯಲ್ಲಿ ಒಂದು ಗಾಡಿ ಗುದ್ದಿ ಬಿದ್ದಿದೆ, ಯಲ್ಲಾ ಎಂದು ಅವನನ್ನು ಹೊರಡಿಸಿದ. ಹೊರಡುವಾಗ ಹುಂಜವನ್ನು ತಮ್ಮನ ತೋಳಿಗೆ ಕೊಟ್ಟು, ಅದರ ಮಂಡೆಯ ಮೇಲೆ ಕೈಯಿಟ್ಟು ಏನೋ ಮಣಮಣ ಹೇಳಿದ. ನಾನು ಕಿಟಕಿಯಿಂದ ನೋಡಿದೆ, ಈ ಗಡ್ಡದವನಿಗೆ ಎಂತ ಮರುಳು ಎಂದು ನಗೆ ಬಂತು.

ಅಂಕಕ್ಕೆ ಹೆಂಗಸರು ಹೋಗುವುದಿಲ್ಲ. ಗಂಡ ಹೇಳಿದ್ದನ್ನೇ ಹೇಳುತ್ತೇನೆ. ತಮ್ಮ ಆ ಹುಂಜದ ಕಾಲಿಗೂ ಬಾಳು ಕಟ್ಟಿದ. ಹುಟ್ಟಿದ ಮೇಲೆ ಬಾಳು ಕಾಣದ ಪ್ರಾಣಿ, ಕಾಲು ಕೊಡವಿ ಕೊಡವಿ ನೋಡಿತಂತೆ. ಎದುರಿನದು ಬಿಳಿ ಹುಂಜ, ಗಿಡ್ಡ, ಕಳ್ಳ. ಪಠಾಣನದು ಎತ್ತರಕ್ಕೆ ಹಾರಿತು. ಬಿಳಿಯದು ಅಡಿಯಿಂದ ನುಗ್ಗಿ ಎದೆ ಸೀಳಿತು. ಮುಗಿಯಿತು. ನೆಲಕ್ಕೆ ಬಿದ್ದ ಮೇಲೂ ಕೊರಳೆತ್ತಿ ಬಿಳಿಯದರ ಕಣ್ಣನ್ನು ಕುಕ್ಕಿ ಕಿತ್ತೇ ಸತ್ತಿತಂತೆ. ಹುಡುಗರೆಲ್ಲ ಕೇಕೆ ಹಾಕಿದರು. ಗೆದ್ದವನು ಕೆಳಗಿನ ಹುಡುಗರ ಕೋಣೆಯವನೇ, ಕ್ರೇನ್ ಆಪರೇಟರ್. "ಇಂಥ ಕೋಳಿಯನ್ನು ಒಬ್ಬನೇ ತಿನ್ನಬಾರದು, ಎಲ್ಲರೂ ತಿನ್ನುವ. ಲಾಲಾನಿಗೆ ಕಾಲು ಇಡಿ," ಎಂದ. ಸೋತವನ ಕೋಳಿ ಗಂಡೆದೆಯಿಂದ ಕಾದಿ ಸತ್ತಿದ್ದರೆ ಅವನನ್ನೇ ಕರೆದು ಮೊದಲ ಕಾಲು ಬಡಿಸುವುದು ನಮ್ಮ ಹುಡುಗರ ಕಣ್ಣಿಗೆ ದೊಡ್ಡ ಮರ್ಯಾದೆ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಇನ್ನೊಂದು ಮಾತು. ಪಠಾಣ ನಮ್ಮಲ್ಲಿ ಉಣ್ಣುವ ದಿನ ತಮ್ಮ ಮರೆಯದೆ ಮಲಯಾಳಿಯ ಹಲಾಲ್ ಅಂಗಡಿಯಿಂದ ಕೋಳಿ ತರುತ್ತಿದ್ದ. ಆ ದಿನದ ಗೌಜಿಯಲ್ಲಿ ಅದೂ ಮರೆತುಹೋಯಿತು.

ಹುಡುಗರೇ ಕೆಳಗೆ ಅಡುಗೆ ಮಾಡಿದರು. ಮೂರು ಗಂಟೆಯ ಹೊತ್ತಿಗೆ ಪಠಾಣ ಇಬ್ರಿ ರಸ್ತೆಯಿಂದ ವಾಪಸು ಬಂದ. ನಾನು ಊರಿನಿಂದ ತಂದಿಟ್ಟಿದ್ದ ಒಣ ರೊಟ್ಟಿಯ ಕಟ್ಟು ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅವನು ಮೊದಲು ಕೇಳಿದ್ದೇ "ಬಚ್ಚಾ ಕೈಸಾ ಲಡಾ?", ನನ್ನ ಮಗು ಹೇಗೆ ಕಾದಿದ ಎಂದು. "ಶೇರ್, ಲಾಲಾ, ಶೇರ್!" ಎಂದ ತಮ್ಮ, ಹುಲಿ ಎನ್ನುವ ಹಾಗೆ. ಕೈ ಹಿಡಿದು ಎಳೆದು ನೆಲದ ಮೇಲೆ ಹಾಸಿದ ಪೇಪರಿನ ಮುಂದೆ ಕೂರಿಸಿದ. ಸೋತ ಸುದ್ದಿಯನ್ನು ಉಣ್ಣುವ ಮೊದಲು ಹೇಳಬಾರದು ಎಂಬುದು ನಮ್ಮ ಅಮ್ಮ ಕಲಿಸಿದ ಬುದ್ಧಿ. ತಮ್ಮ ತನ್ನ ಕೈಯಿಂದಲೇ ರೊಟ್ಟಿ ಮುರಿದು ಹಾಕಿ, ಸಾರು ಹೊಯ್ದು, ಕಾಲಿನ ತುಂಡು ಇಟ್ಟ. ಹಸಿದು ಬಂದವನು ಬಗ್ಗಿ ಉಂಡ. ಮಾಂಸ ಗಟ್ಟಿ ಎಂದು ನಕ್ಕ. ಎಲುಬನ್ನೂ ಬಿಡದೆ ಚೀಪಿದ.

ಆಮೇಲೆ ಕೈ ಒರೆಸಿಕೊಂಡು, ಎಲ್ಲಿ ಕಟ್ಟಿದ್ದೀರಿ ಅವನನ್ನು, ನೋಡಿ ಬರುತ್ತೇನೆ ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ ನನ್ನ ತಮ್ಮ ನಗುತ್ತಾ ಬಟ್ಟಲಿನ ಕಡೆಗೆ ಬೆರಳು ತೋರಿಸಿದ.

ಆ ಮುಖ ಈಗಲೂ ನನ್ನ ಕಣ್ಣ ಮುಂದೆ ಉಂಟು. ಅವನು ಬಟ್ಟಲನ್ನು ನೋಡಿದ, ತಮ್ಮನನ್ನು ನೋಡಿದ, ಮತ್ತೆ ಬಟ್ಟಲನ್ನು. ಬಾಗಿಲಲ್ಲಿದ್ದ ನನಗೆ ತಾಗಿಕೊಂಡೇ ಹೊರಗೆ ಹೋದ. ಚರಂಡಿಯ ಹತ್ತಿರ ಕರುಳು ಕಿತ್ತು ಬರುವಂತೆ ಕಾರುವುದು ಕೇಳಿಸಿತು. "ಅಯ್ಯೋ, ಇವನಿಗೆ ಗೊತ್ತಿರ್ಲಿಲ್ವಾ?" ಎಂದ ತಮ್ಮ. ಹುಡುಗರು ಹೌದು ಅಲ್ಲ ಎಂದು ವಾದಿಸಿ ಮುಗಿದ ಮೇಲೆ ಏಳಲು ಹೊರಟು ಬಲಗೈ ನೆಲಕ್ಕೆ ಊರಿದ್ದ. ಅಷ್ಟರಲ್ಲಿ ಪಠಾಣ ರಸ್ತೆ ದಾಟಿ ಹೋಗಿ ಬಂದಿದ್ದ. ಕೈಯಲ್ಲಿ ಟಿಂಕರಿಂಗಿನ ಸುತ್ತಿಗೆ. ಬೊಬ್ಬೆ ಇಲ್ಲ, ಬೈಗುಳ ಇಲ್ಲ. ಬಗ್ಗಿ, ಬಡಿಸಿದ ಆ ಕೈಯ ಮೇಲೆ ಹೊಡೆದ. ಎಲುಬು ಮುರಿದ ಸದ್ದು ಎಂದರೆ ಒಣ ರೊಟ್ಟಿ ಮುರಿದ ಸದ್ದೇ. ಇನ್ನೊಮ್ಮೆ ಹೊಡೆದ. ತಮ್ಮ ಕಿರುಚಿದ್ದು ನನಗೆ ಎರಡನೆಯ ಹೊಡೆತದ ನಂತರ ಕೇಳಿಸಿತು.

ಆಮೇಲೆ ನಡೆದದ್ದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಕ್ರೇನಿನವನು ಹಿಂದಿನಿಂದ ಕುತ್ತಿಗೆ ಹಿಡಿದ. ಉಳಿದವರು ಕುಕ್ಕರಿನಿಂದ, ಸ್ಟೂಲಿನಿಂದ, ಕೈಗೆ ಸಿಕ್ಕಿದ್ದರಿಂದ ಬಡಿದರು. ಪಠಾಣ ಸುತ್ತಿಗೆ ಬಿಟ್ಟು ನಿಂತ, ಬಡಿಸಿಕೊಂಡ. ಹುಬ್ಬು ಒಡೆದು ನೆತ್ತರು ಗಡ್ಡಕ್ಕೆ ಇಳಿಯಿತು. ನಾನೂ ಹೊಡೆದೆ. ಸಾರಿನ ಕಬ್ಬಿಣದ ಸೌಟಿನಲ್ಲಿ, ಎರಡೂ ಕೈಯಲ್ಲಿ ಹಿಡಿದು, ತೋಳು ಸೋಲುವ ತನಕ ಹೊಡೆದೆ. ಇವತ್ತು ಸಿಕ್ಕಿದರೂ ಹೊಡೆದೇನು. ಒಂದು ಕೋಳಿಗೆ ಒಂದು ಕೈಯೇ? ಸ್ಪ್ರೇ ಗನ್ನಿನ ಕುದುರೆ ಎಳೆಯುವ ಬೆರಳುಗಳು ಪೇಪರಿನ ಮೇಲೆ ಸಾರಿನಲ್ಲಿ ಒದ್ದೆಯಾಗಿ ಚಪ್ಪಟೆ ಬಿದ್ದಿದ್ದವು. ತಮ್ಮ ಅದನ್ನು ನೋಡದೆ, "ಲಾಲಾನಿಗೆ ಹೊಡೀಬೇಡಿ, ಅಕ್ಕಾ, ಹೊಡೀಬೇಡ," ಎನ್ನುತ್ತಿದ್ದ.

ಆಸ್ಪತ್ರೆಗೆ ಹೋಗುವ ವ್ಯಾನಿನಲ್ಲಿ ನನ್ನ ಗಂಡ, ಕ್ರೇನಿನವನು ಸೇರಿ ಮಾತು ಹೊಂದಿಸಿದರು. ಜಾಕ್ ಜಾರಿ ಕಾರು ಕೈಯ ಮೇಲೆ ಕೂತಿತು. ಅಂಕದ ಸುದ್ದಿ ಹೊರಗೆ ಬಂದರೆ ಕೋಣೆಯ ಎಲ್ಲರಿಗೂ ಊರಿನ ದಾರಿ. ಅಂಕವನ್ನು ಬಿಡಿ, ಹೊಡೆದವನ ಹೆಸರನ್ನಾದರೂ ಹೇಳಿಯೇ ಹೇಳುತ್ತೇನೆ ಎಂದೆ.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೇನೆ," ಎಂದ ತಮ್ಮ. ನೋವಿಗೆ ಮುಖ ಬೂದಿಯಾಗಿತ್ತು. "ಅವ ಜೈಲಿಗೆ ಹೋದ್ರೆ ಎಲ್ಲ ಹೋಯ್ತು. ಕೈ ಸರಿ ಆಗ್ತದೆ. ಶಾಪು ನಾವಿಬ್ರೇ ಮಾಡುದು. ನಾನು ಅವನಿಗೆ ಎಂತ ತಿನ್ನಿಸಿದೆ ಅಂತ ನಿಂಗೆ ಗೊತ್ತುಂಟಾ? ಇದೊಂದು ಸುಳ್ಳು ಹೇಳಿದ್ರೆ ಸರಿಗೆ ಸರಿ ಆಗ್ತದೆ."

ಡಾಕ್ಟರು ಕೈ ನೋಡಿ ಪೊಲೀಸರಿಗೆ ತಿಳಿಸಿದರು. ಬಂದವನು ಒಮಾನಿ ಬಲೂಚಿ, ನಮಗಿಂತ ಚೊಕ್ಕ ಹಿಂದಿ ಮಾತಾಡುವವನು. ತಮ್ಮ ಜಾಕಿನ ಕಥೆ ಹೇಳಿದ. ಚಂದವಾಗಿಯೇ ಹೇಳಿದ, ಯಾವ ಕಾರು, ಯಾವ ಚಕ್ರ ಎಂಬುದನ್ನೂ ಸೇರಿಸಿ. ಪೊಲೀಸಿನವನು ಬರೆದುಕೊಳ್ಳುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಾ ನಿಂತಿದ್ದೆ.

ಆಗ ಕಾರಿಡಾರಿನಲ್ಲಿ ಪಠಾಣ ಕಾಣಿಸಿದ. ನಡೆದೇ ಬಂದಿದ್ದನೋ, ಯಾರ ಗಾಡಿ ಹತ್ತಿದ್ದನೋ. ಒಡೆದ ಹುಬ್ಬು ಹಾಗೆಯೇ ಇತ್ತು, ನೆತ್ತರು ಒಣಗಿ ಗಡ್ಡ ಗಟ್ಟಿಯಾಗಿತ್ತು. ಸುತ್ತಿಗೆ ಕೈಯಲ್ಲಿತ್ತು. ಆಸ್ಪತ್ರೆಯ ನರ್ಸ್ ಒಬ್ಬಳು ಹೆದರಿ ಹಿಂದೆ ಸರಿದಳು. ಅವನು ಸುತ್ತಿಗೆಯನ್ನು ಪೊಲೀಸಿನವನ ಮುಂದೆ ಮೇಜಿನ ಮೇಲೆ ಇಟ್ಟ.

"ಹಮ್ ಮಾರಾ. ಇಸ್ ಸೇ," ಎಂದ. ನಾನೇ ಹೊಡೆದದ್ದು, ಇದರಲ್ಲಿ.

"ಇಲ್ಲ ಸಾಬ್," ಎಂದು ತಮ್ಮ ಹಾಸಿಗೆಯಿಂದ ಅರ್ಧ ಎದ್ದ. "ಇವನಿಗೆ ತಲೆ ಸರಿ ಇಲ್ಲ. ಜಾಕ್ ಜಾರಿದ್ದು. ಲಾಲಾ, ನೀನು ಹೋಗು ಇಲ್ಲಿಂದ."

ಪಠಾಣ ಅವನ ಕಡೆ ತಿರುಗಲೂ ಇಲ್ಲ. "ಯೇ ಝೂಟ್ ಬೋಲ್ತಾ," ಇವನು ಹೇಳುವುದು ಸುಳ್ಳು ಎಂದು ಪೊಲೀಸಿನವನಿಗೇ ಹೇಳಿದ. ಏಕೆ ಹೊಡೆದೆ ಎಂದು ಪೊಲೀಸಿನವನು ಕೇಳಿದ. ಅದು ನನ್ನ ವಿಷಯ ಎಂದ. ಕೋಳಿಯ ಹೆಸರೆತ್ತಲಿಲ್ಲ, ಹುಡುಗರ ಹೆಸರೆತ್ತಲಿಲ್ಲ. ನಿನ್ನ ಮುಖಕ್ಕೆ ಹೊಡೆದವರು ಯಾರು ಎಂದಾಗ, ಬಿದ್ದೆ ಎಂದ. ಆ ಸೌಟಿನ ಪೆಟ್ಟುಗಳೆಲ್ಲ ಹಾಗೆ ಬಿದ್ದ ಗಾಯಗಳಾದವು. ಎರಡೂ ಕೈ ಮುಂದೆ ಚಾಚಿ ಬೇಡಿ ಹಾಕಿಸಿಕೊಂಡ. ತಮ್ಮ ಲಾಲಾ, ಲಾಲಾ ಎಂದು ಕೂಗುತ್ತಲೇ ಇದ್ದ. ಬಾಗಿಲು ದಾಟುವ ತನಕ ಆ ಮನುಷ್ಯ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಜೈಲಿನಿಂದಲೇ ಅವನನ್ನು ಅವನ ಊರಿಗೆ ಕಳುಹಿಸಿದರು ಎಂದು ಕಫೀಲ್ ಹೇಳಿದ. ಶಾಪು ಬೇರೆ ಯಾರಿಗೋ ಹೋಯಿತು. ತಮ್ಮನ ಎರಡು ಬೆರಳುಗಳು ಮತ್ತೆ ಮಡಚಲಿಲ್ಲ. ಇದೆಲ್ಲ ಆಮೇಲಿನದು.

ಆ ಹೊತ್ತಿಗೆ ನನಗೆ ಸಿಟ್ಟೇ ಇದ್ದದ್ದು. ಪೀಡೆ ತೊಲಗಿತು, ಅವನೇ ಒಪ್ಪಿಕೊಂಡನಲ್ಲ, ನೀನು ಯಾಕೆ ಅಳುವುದು ಎಂದು ತಮ್ಮನಿಗೆ ಬೈದೆ. ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು ಗೋಡೆಯ ಕಡೆಗೆ ಮಗ್ಗುಲಾದ.

"ಒಂದು ಸುಳ್ಳಲ್ವಾ ಅಕ್ಕಾ ನಾನು ಕೊಟ್ಟದ್ದು," ಎಂದ. "ನನ್ನ ಕೈಯಿಂದ ಅದನ್ನು ಕೂಡಾ ತಗೊಳ್ಳಲಿಲ್ಲ ಅವ."